‘ಅನರ್ಹ’ ಅಂತ ಬರೆಯುವ ಮೊದಲು ಶೀಟ್‌ನ ಫಾರ್ಮುಲಾ ಒಮ್ಮೆ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಜೂನ್ ಬಂತಂದ್ರೆ ನಮ್ಮ ಉಡುಪಿ, ಮಂಗಳೂರು ಕಡೆ ಸ್ಕಾಲರ್‌ಶಿಪ್ ಸೀಸನ್. ಜಾತಿ ಸಂಘಗಳು, ಯುವಕ ಮಂಡಲಗಳು, ಸಹಕಾರಿ ಸೊಸೈಟಿಗಳು, ದೇವಸ್ಥಾನದ ಟ್ರಸ್ಟ್, ಚರ್ಚ್, ಜಮಾತ್, ಮುಂಬೈಯಲ್ಲಿ ಹೋಟೆಲ್ ಇಟ್ಟವರ ದತ್ತಿನಿಧಿ, ಗಲ್ಫ್‌ನಲ್ಲಿರುವವರು ಒಟ್ಟು ಸೇರಿ ಊರಿಗೆ ಕಳಿಸುವ ದುಡ್ಡು, ಹೀಗೆ ಸುಮಾರು ಕಡೆಯಿಂದ ಮಕ್ಕಳಿಗೆ ಸಹಾಯ ಸಿಗ್ತದೆ, ಇದು ನಮ್ಮ ಜಿಲ್ಲೆಗಳ ದೊಡ್ಡ ಗುಣ ಅಂತ ನಾನು ಮನಸಾರೆ ನಂಬಿದವ. ಈಗ ಹೆಚ್ಚಿನವ್ರು ಅರ್ಜಿ ತಗೊಳ್ಳುದು ಗೂಗಲ್ ಫಾರ್ಮ್‌ನಲ್ಲಿ, ಪೇಪರಲ್ಲಿ ತಗೊಂಡ್ರೂ ಆಮೇಲೆ ಯಾರಾದ್ರೂ ಹುಡುಗ್ರು ಕೂತು ಗೂಗಲ್ ಶೀಟ್‌ಗೆ ಟೈಪ್ ಮಾಡ್ತಾರೆ, ಅಲ್ಲಿ ಒಬ್ರು ಫಾರ್ಮುಲಾ ಹಾಕಿ ಅರ್ಹ, ಅನರ್ಹ ಅಂತ ವಿಂಗಡಿಸ್ತಾರೆ, ಪಟ್ಟಿ ನೋಟಿಸ್ ಬೋರ್ಡಿಗೂ ವಾಟ್ಸಾಪ್ ಗ್ರೂಪಿಗೂ ಹೋಗ್ತದೆ, ಅಲ್ಲಿಗೆ ಮುಗೀತು. ಆ ಫಾರ್ಮುಲಾ ಸರಿ ಉಂಟಾ ಅಂತ ಎರಡನೇ ವ್ಯಕ್ತಿ ನೋಡುವುದೇ ಇಲ್ಲ. ನಾನು ಒಂದು ಸಂಘದ ಲೆಕ್ಕ ನೋಡಿಕೊಳ್ಳುವವ, ಬೇರೆ ಸಂಘದವ್ರೂ ಶೀಟ್‌ನಲ್ಲಿ ಎಂತಾದ್ರೂ ತೊಂದರೆ ಬಂದ್ರೆ ಕರೀತಾರೆ, ಹಾಗೆ ನೋಡಿದ್ದನ್ನೇ ಬರೀತಿದ್ದೇನೆ.

ನನಗೆ ಹೇಳ್ಲಿಕ್ಕಿರುದು ಒಂದೇ ವಿಷಯ. ಫಾರ್ಮುಲಾದಲ್ಲಿ ‘ಹೌದು’, ‘ಇಲ್ಲ’ ಅಂತ ಎರಡೇ ಉತ್ತರ ಇಟ್ರೆ ಶೀಟ್‌ಗೆ ಅರ್ಥ ಆಗದ್ದೆಲ್ಲ ಆ ಎರಡರಲ್ಲಿ ಒಂದಕ್ಕೆ ಹೋಗಿ ಬೀಳ್ತದೆ, ಅದ್ರಿಂದ ಯಾವುದೋ ಮಗುವಿಗೆ ಅನ್ಯಾಯ ಆಗ್ತದೆ. ‘ನೋಡಬೇಕು’ ಅಂತ ಮೂರನೇ ಉತ್ತರ ಇಡ್ಲೇಬೇಕು, ಮತ್ತೆ ಅದನ್ನು ಮನುಷ್ಯರೇ ಕೂತು ನೋಡಬೇಕು.

ಇದು ಹೇಗೆ ಆಗ್ತದೆ ಅಂತ ಕಣ್ಣಾರೆ ನೋಡಿದ ಒಂದು ಸಂಗತಿ ಹೇಳ್ತೇನೆ. ಒಂದು ಸಂಘದ ಆಫೀಸು, ಹೆಸರು ಬೇಡ, ಒಳ್ಳೆ ಕೆಲಸ ಮಾಡುವ ಜನವೇ. ಮಲ್ಪೆಯಲ್ಲಿ ಬೋಟಿಗೆ ಹೋಗುವ ಒಬ್ರು ಬಂದಿದ್ರು, ಜೂನ್ ಜುಲೈ ಮೀನುಗಾರಿಕೆ ಬಂದ್ ಅಲ್ವಾ, ಹಾಗಾಗಿ ಮನೆಯಲ್ಲಿದ್ರು. ಕೈಯಲ್ಲಿ ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, 625ಕ್ಕೆ 575, ಅಂದ್ರೆ ಸರೀ 92 ಪರ್ಸೆಂಟ್. ಸಂಘದ ನಿಯಮದಲ್ಲಿ 85 ಇದ್ರೆ ಸಾಕು. ಆದ್ರೆ ಪಟ್ಟಿಯಲ್ಲಿ ಹುಡುಗಿಯ ಹೆಸರಿನ ಎದುರು ಅನರ್ಹ ಅಂತ ಉಂಟು. ಕಾರ್ಯದರ್ಶಿಯವ್ರು "ಅಣ್ಣಾ, ಅದು ಕಂಪ್ಯೂಟರ್ ತೆಗ್ದ ಲಿಸ್ಟ್, ನಾವು ಯಾರೂ ಕೈ ಹಾಕ್ಲಿಲ್ಲ" ಅಂದ್ರು. ಅವರು ಸುಳ್ಳು ಹೇಳ್ಲಿಲ್ಲ, ಅವರಿಗೂ ಗೊತ್ತಿರ್ಲಿಲ್ಲ. ಶೀಟ್ ತೆರೆದು ನೋಡಿದ್ರೆ ಸೆಲ್‌ನಲ್ಲಿ 92% ಅಂತಲೇ ಕಾಣ್ತದೆ, ಯಾರಿಗಾದ್ರೂ ಸರಿ ಅಂತಲೇ ಅನ್ನಿಸ್ತದೆ. ಆದ್ರೆ ಟೈಪ್ ಮಾಡಿದ ಹುಡುಗ ಪರ್ಸೆಂಟ್ ಚಿಹ್ನೆ ಸೇರಿಸಿ ಹಾಕಿದ್ದ, ಹಾಗೆ ಹಾಕಿದ್ರೆ ಶೀಟ್ ಒಳಗೆ ಇಟ್ಕೊಳ್ಳುದು 0.92 ಅಂತ. 0.92 ಅನ್ನುದು 85ಕ್ಕಿಂತ ಕಮ್ಮಿ. ಹಾಗಾಗಿ ಅನರ್ಹ. ಫಾರ್ಮುಲಾ ಇದ್ದದ್ದು ಇಷ್ಟೇ: =ಇಫ್(ಸಿ2>=85,"ಅರ್ಹ","ಅನರ್ಹ"). ಅಂದ್ರೆ ಸಿ2 ಅನ್ನುವ ಸೆಲ್‌ನಲ್ಲಿರುವ ಅಂಕ 85 ಅಥವಾ ಜಾಸ್ತಿ ಇದ್ರೆ ಅರ್ಹ, ಇಲ್ಲದಿದ್ರೆ ಅನರ್ಹ; ಮುಂದೆ ಬರುವ ಬಿ2, ಡಿ2, ಇ2 ಕೂಡ ಹೀಗೇ ಸೆಲ್‌ಗಳ ಹೆಸರು. (ಪತ್ರಿಕೆಗೆ ಅಂತ ಫಾರ್ಮುಲಾ ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.)

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ನೋಡಿ ನನಗೆ ಮತ್ತೂ ಬೇಜಾರಾಯ್ತು. ಒಬ್ಬ ಹುಡುಗನ ಅಂಕ 310/625 ಅಂತ ಹಾಕಿದ್ದಾರೆ, ಅಂದ್ರೆ 50 ಪರ್ಸೆಂಟ್ ಕೂಡ ಇಲ್ಲ, ಅವನ ಎದುರು ಅರ್ಹ ಅಂತ ಬಂದಿದೆ. ಯಾಕಂದ್ರೆ 310/625 ಅಂತ ಹಾಗೇ ಟೈಪ್ ಮಾಡಿದ್ದು ಶೀಟ್‌ಗೆ ಸಂಖ್ಯೆ ಅಲ್ಲ, ಅದೊಂದು ಟೆಕ್ಸ್ಟ್. ಟೆಕ್ಸ್ಟನ್ನೂ ಸಂಖ್ಯೆಯನ್ನೂ ಎದುರೆದುರು ಇಟ್ಟು ಯಾವುದು ದೊಡ್ಡದು ಅಂತ ಕೇಳಿದ್ರೆ ಶೀಟ್ ಯಾವತ್ತೂ ಟೆಕ್ಸ್ಟೇ ದೊಡ್ಡದು ಅಂತದೆ. ‘92 ಪರ್ಸೆಂಟ್’ ಅಂತ ಅಕ್ಷರದಲ್ಲಿ ಬರೆದ್ರೂ ಅರ್ಹ, ‘ಗೈರು’ ಅಂತ ಬರೆದ್ರೂ ಅರ್ಹ! ಶಾಲೆಗಳಲ್ಲಿ ಪರೀಕ್ಷೆಗೆ ಬಾರದ ಮಕ್ಕಳಿಗೆ ‘ಎಬಿ’ ಅಂತ ಹಾಕ್ತಾರಲ್ಲ, 35 ದಾಟಿದ್ರೆ ಪಾಸ್ ಅಂತ ಇಫ್ ಫಾರ್ಮುಲಾ ಇಟ್ಟ ಶೀಟ್‌ನಲ್ಲಿ ಆ ಎಬಿ ಮಕ್ಕಳೆಲ್ಲ ಪಾಸ್ ಅಂತ ಬರ್ತದೆ, ಬೇಕಾದ್ರೆ ಯಾರಾದ್ರೂ ಟೀಚರ್ ಇವತ್ತೇ ಹಾಕಿ ನೋಡಬಹುದು. ಇನ್ನು ಅಂಕದ ಜಾಗ ಖಾಲಿ ಬಿಟ್ರೆ ಶೀಟ್ ಅದನ್ನು ಸೊನ್ನೆ ಅಂತ ತಗೊಳ್ತದೆ, ಅಂದ್ರೆ ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಾರದ ಮಗುವೂ ಸೊನ್ನೆ ತೆಗೆದ ಮಗುವೂ ಒಂದೇ. ಪರ್ಸೆಂಟ್ ಕೇಳಿದಲ್ಲಿ ಒಟ್ಟು ಅಂಕ 300 ಅಂತ ಹಾಕಿದವ್ರು? 300 ಅನ್ನುದು 85ಕ್ಕಿಂತ ಜಾಸ್ತಿ ಅಲ್ವಾ, ಅರ್ಹ.

ಇದಕ್ಕೆ ಪರಿಹಾರ ಏನೂ ಕಷ್ಟ ಇಲ್ಲ, ಒಂದೇ ಸಾಲು. ಇಫ್ ಬದಲು ಇಫ್ಸ್ ಹಾಕಿ: =ಇಫ್ಸ್(ಈಸ್‌ಬ್ಲ್ಯಾಂಕ್(ಸಿ2),"ಅಂಕ ಬಂದಿಲ್ಲ", ನಾಟ್(ಈಸ್‌ನಂಬರ್(ಸಿ2)),"ನೋಡಬೇಕು", ಆರ್(ಸಿ2<=1, ಸಿ2>100),"ನೋಡಬೇಕು", ಸಿ2>=85,"ಅರ್ಹ", ಟ್ರೂ,"ಅನರ್ಹ"). ಓದ್ಲಿಕ್ಕೆ ಉದ್ದ ಕಂಡ್ರೂ ನಾವು ಕೈಯಲ್ಲಿ ಪಟ್ಟಿ ಮಾಡುವಾಗ ಮನಸಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳೇ ಇವು: ಜಾಗ ಖಾಲಿ ಉಂಟಾ, ಅಲ್ಲಿರುದು ಸಂಖ್ಯೆಯೇ ಹೌದಾ, ಆ ಸಂಖ್ಯೆ ಪರ್ಸೆಂಟ್ ಆಗ್ಲಿಕ್ಕೆ ಸಾಧ್ಯವಾ, ಇಷ್ಟೂ ದಾಟಿದ ಮೇಲೆ 85 ಉಂಟಾ ಇಲ್ವಾ. ಇಫ್ಸ್ ಮೇಲಿಂದ ಕೆಳಗೆ ಬರ್ತಾ ಮೊದಲು ಯಾವ ಷರತ್ತು ನಿಜ ಆಗ್ತದೋ ಅದರ ಉತ್ತರ ಕೊಟ್ಟು ನಿಲ್ತದೆ, ಹಾಗಾಗಿ ಅನುಮಾನದ ಪ್ರಶ್ನೆಗಳು ಮೊದಲು, ತೀರ್ಪು ಕೊನೆಗೆ, ಈ ಕ್ರಮ ತಪ್ಪಬಾರದು. ಕೊನೆಯ ಟ್ರೂ ಬಿಟ್ರೆ ಯಾವ ಷರತ್ತಿಗೂ ಸೇರದವ್ರಿಗೆ ಎರರ್ ಬರ್ತದೆ. ಇನ್ನೊಂದು ಸುಲಭದ ಗುರುತು ಉಂಟು, ಶೀಟ್‌ನಲ್ಲಿ ನಾವು ಅಲೈನ್‌ಮೆಂಟ್ ಮುಟ್ಟದೆ ಬಿಟ್ರೆ ಸಂಖ್ಯೆಗಳು ಸೆಲ್‌ನ ಬಲಕ್ಕೆ ನಿಲ್ತವೆ, ಟೆಕ್ಸ್ಟ್ ಎಡಕ್ಕೆ ನಿಲ್ತದೆ. ಅಂಕದ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದ್ರೆ ಎಡಕ್ಕೆ ನಿಂತದ್ದೆಲ್ಲ ತಕರಾರಿನದ್ದು ಅಂತ ತಿಳೀತದೆ. ಎಲ್ಲವನ್ನೂ ಮಧ್ಯಕ್ಕೆ ತಂದು ಚಂದ ಮಾಡುವ ಅಭ್ಯಾಸ ತುಂಬ ಜನರಿಗೆ ಉಂಟು, ದಯವಿಟ್ಟು ಪರಿಶೀಲನೆ ಮುಗಿಯುವ ತನಕ ಹಾಗೆ ಮಾಡಬೇಡಿ.

ಊರಿನ ಹೆಸರಿಗೆ ಬರುವ. ನಮ್ಮ ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಆಗ ಇದ್ದದ್ದು ಉಡುಪಿ, ಕುಂದಾಪುರ, ಕಾರ್ಕಳ ಮೂರೇ ತಾಲೂಕು, ಈಗ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಸೇರಿ ಏಳು. ಶಿರ್ವದ ಒಬ್ಬ ಹುಡುಗನ ಹಳೇ ದಾಖಲೆಯಲ್ಲಿ ಉಡುಪಿ ತಾಲೂಕು ಅಂತ ಇರ್ತದೆ, ಹೊಸ ಆದಾಯ ಸರ್ಟಿಫಿಕೇಟಲ್ಲಿ ಕಾಪು ಅಂತ ಇರ್ತದೆ, ಎರಡೂ ಸುಳ್ಳಲ್ಲ. ಇಂಗ್ಲಿಷಲ್ಲಿ ಬರೆಯುವಾಗ ಕಾಪುವಿಗೇ ಎರಡು ಸ್ಪೆಲ್ಲಿಂಗ್, ಹಳೇ ‘ಕೌಪ್’ ತರದ್ದೊಂದು, ಹೊಸದೊಂದು. ಮಂಗಳೂರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯ್ತು, ಇವತ್ತಿಗೂ ಅರ್ಧ ಜನ ಮ್ಯಾಂಗಲೋರ್ ಅಂತಲೇ ಹಾಕ್ತಾರೆ. ಓದುವ ಮನುಷ್ಯನಿಗೆ ಇದೆಲ್ಲ ಒಂದೇ ಊರು, ಎಷ್ಟು ಸಲ ಬಂದಿದೆ ಅಂತ ಎಣಿಸುವ ಕೌಂಟ್‌ಇಫ್ ಫಾರ್ಮುಲಾಗೆ ಬೇರೆ ಬೇರೆ. ಇದಕ್ಕಿಂತ ಉಪದ್ರ ಕೊಡುದು ಕಣ್ಣಿಗೆ ಕಾಣದ ಸ್ಪೇಸ್. ಮೊಬೈಲಲ್ಲಿ ಕೀಬೋರ್ಡ್ ತೋರಿಸಿದ ಪದವನ್ನು ಒತ್ತಿದ್ರೆ ಪದದ ಹಿಂದೆ ಒಂದು ಸ್ಪೇಸ್ ತಾನಾಗಿ ಸೇರ್ತದೆ, ಹಾಗೆ ಕಳಿಸಿದ ‘ಕಾಪು ’ ಮತ್ತು ಬರೀ ‘ಕಾಪು’ ಶೀಟ್‌ನ ಲೆಕ್ಕದಲ್ಲಿ ಒಂದಲ್ಲ. ಟ್ರಿಮ್ ಹಾಕಿದ್ರೆ ಹಿಂದೆ ಮುಂದಿನ ಸ್ಪೇಸ್ ಹೋಗ್ತದೆ, ನಡುವೆ ಎರಡೆರಡು ಇದ್ದದ್ದೂ ಒಂದಾಗ್ತದೆ. ವೆಬ್‌ಸೈಟಿಂದ ಕಾಪಿ ಮಾಡಿದ್ದರಲ್ಲಿ ಕೆಲವೊಮ್ಮೆ ಬೇರೆ ಜಾತಿಯ ಸ್ಪೇಸ್ ಇರ್ತದೆ, ಅದಕ್ಕೆ ಟ್ರಿಮ್ ತಾಗುದಿಲ್ಲ, =ಟ್ರಿಮ್(ಸಬ್‌ಸ್ಟಿಟ್ಯೂಟ್(ಬಿ2,ಕ್ಯಾರ್(160)," ")) ಅಂತ ಹಾಕಬೇಕು.

ಹೆಸರಿನ ಕಾಲಂ ಅಂತೂ ನಮ್ಮ ಕರಾವಳಿಯಲ್ಲಿ ತುಂಬ ಜಾಗ್ರತೆ ಬೇಕು. ಇನಿಷಿಯಲ್ ಮುಂದೆ ಹಾಕುವವ್ರು, ಹಿಂದೆ ಹಾಕುವವ್ರು, ನಡುವೆ ಚುಕ್ಕಿ ಇಡುವವ್ರು, ಡಿಸೋಜ ಅಂತ ಒಟ್ಟಿಗೆ ಬರೆಯುವವ್ರು, ಡಿ'ಸೋಜ ಅಂತ ಬಿಡಿಸಿ ಬರೆಯುವವ್ರು. ಹೆಸರು ಹೆಸರಿಗೆ ತಾಳೆ ಮಾಡಿ ಹೊಂದಲಿಲ್ಲ ಅಂತ ಅರ್ಜಿ ತೆಗೆದುಹಾಕುದು ಬಹಳ ತಪ್ಪು, ಅರ್ಜಿಗೊಂದು ನಂಬರ್ ಕೊಟ್ಟು ಆ ನಂಬರಿನಿಂದ ತಾಳೆ ಮಾಡಿ.

ಆ್ಯಂಡ್, ಆರ್ ಬಗ್ಗೆ ಎರಡು ಮಾತು. ಆ್ಯಂಡ್ ಅಂದ್ರೆ ಎಲ್ಲ ಷರತ್ತೂ ನಿಜ ಆಗಬೇಕು, ಆರ್ ಅಂದ್ರೆ ಒಂದಾದ್ರೂ ನಿಜ ಆದ್ರೆ ಸಾಕು. ಸಮಿತಿಯ ಠರಾವಿನಲ್ಲಿ ‘ಕಾಪು ಮತ್ತು ಬ್ರಹ್ಮಾವರ ತಾಲೂಕಿನ ಮಕ್ಕಳಿಗೆ’ ಅಂತ ಇರ್ತದೆ, ಅದನ್ನು ನೋಡಿ ಆ್ಯಂಡ್ ಹಾಕಿದ್ರೆ ಒಂದು ಮಗು ಒಂದೇ ಸಲ ಎರಡೂ ತಾಲೂಕಿನಲ್ಲಿ ಇರಬೇಕಾಗ್ತದೆ, ಒಬ್ರೂ ಅರ್ಹರಾಗುದಿಲ್ಲ. ಅಲ್ಲಿ ಬೇಕಾದ್ದು ಆರ್, ಅದೂ =ಆರ್(ಬಿ2="ಕಾಪು", ಬಿ2="ಬ್ರಹ್ಮಾವರ") ಅಂತ ಎರಡು ಸಲವೂ ಬಿ2 ಬರೀಬೇಕು. ಆದಾಯ ಎರಡೂವರೆ ಲಕ್ಷದೊಳಗೆ ಇರಬೇಕು, ಜೊತೆಗೆ ಅಂಕ 85 ಇರಬೇಕು ಅಥವಾ ತಂದೆ ತೀರಿಹೋಗಿರಬೇಕು, ಇಂಥ ನಿಯಮ ಇದ್ರೆ ಆದಾಯವನ್ನು ಹೊರಗಿನ ಆ್ಯಂಡ್‌ನಲ್ಲಿಟ್ಟು ಮಿಕ್ಕ ಎರಡನ್ನು ಅದರೊಳಗಿನ ಆರ್‌ನಲ್ಲಿಡಬೇಕು, ಬ್ರ್ಯಾಕೆಟ್ ಆಚೀಚೆ ಆದ್ರೆ ತಂದೆ ಇಲ್ಲದ ಮಗುವೇ ಹೊರಗೆ ಉಳಿದುಬಿಡಬಹುದು. ಫಾರ್ಮುಲಾ ಹಾಕುವ ಮೊದಲು ನಿಯಮವನ್ನು ಒಂದು ಕಾಗದದಲ್ಲಿ ಬರೆದು ಸಮಿತಿಯವರ ಸಹಿ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳುದು ಇದಕ್ಕೇ.

ಬ್ಯಾಂಕ್ ವಿಚಾರ ಬಿಡುವ ಹಾಗಿಲ್ಲ, ಯಾಕಂದ್ರೆ ಅರ್ಹ ಆದ ಮೇಲೂ ದುಡ್ಡು ವಾಪಸ್ ಬರುದು ಇಲ್ಲಿಂದಲೇ. ನಮ್ಮದು ಬ್ಯಾಂಕ್‌ಗಳು ಹುಟ್ಟಿದ ಊರು. 1906ರಲ್ಲಿ ಮಂಗಳೂರಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಲ್ಲಿ ವಿಜಯಾ. ಇದರಲ್ಲಿ ವಿಜಯಾ 2019ರ ಏಪ್ರಿಲ್‌ನಲ್ಲಿ ಬರೋಡಾಕ್ಕೆ ಸೇರಿತು, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್‌ನಲ್ಲಿ. ಆದ್ರೆ ಮನೆಮನೆಯಲ್ಲಿ ಹಳೇ ಪಾಸ್‌ಬುಕ್ ಇನ್ನೂ ಉಂಟು, ಅಮ್ಮಂದಿರು ಅದನ್ನೇ ನೋಡಿ ಐಎಫ್‌ಎಸ್‌ಸಿ ಕೋಡ್ ಹಾಕ್ತಾರೆ. ಸಿಂಡಿಕೇಟ್‌ನ ಹಳೇ ಕೋಡ್ 2021ರ ಜುಲೈ 1ರಿಂದಲೇ ನಡೆಯುದಿಲ್ಲ. ಐಎಫ್‌ಎಸ್‌ಸಿ ಅಂದ್ರೆ 11 ಅಕ್ಷರ, ಮೊದಲ ನಾಲ್ಕು ಬ್ಯಾಂಕಿನದ್ದು, ಐದನೆಯದ್ದು ಸೊನ್ನೆ, ಉಳಿದ ಆರು ಶಾಖೆಯದ್ದು. ಇದು ಗೊತ್ತಿದ್ರೆ ಪರಿಶೀಲನೆ ಶೀಟ್‌ನದ್ದೇ ಕೆಲಸ: =ಆ್ಯಂಡ್(ಲೆನ್(ಡಿ2)=11, ಮಿಡ್(ಡಿ2,5,1)="0") ಅಂತ ಹಾಕಿ, ಫಾಲ್ಸ್ ಬಂದದ್ದೆಲ್ಲ ಕೆಂಪು ಮಾಡಿ. ಸೊನ್ನೆಯ ಬದಲು ಇಂಗ್ಲಿಷ್ ‘ಒ’ ಅಕ್ಷರ ಹಾಕಿದವ್ರು ಎಷ್ಟು ಜನ ಅಂತ ಆಗ ಗೊತ್ತಾಗ್ತದೆ. ಪಕ್ಕದ ಕಾಲಂನಲ್ಲಿ =ಲೆಫ್ಟ್(ಡಿ2,4) ಹಾಕಿದ್ರೆ ಬ್ಯಾಂಕಿನ ನಾಲ್ಕು ಅಕ್ಷರ ಬರ್ತದೆ, ಎಸ್‌ವೈಎನ್‌ಬಿ, ಸಿಒಆರ್‌ಪಿ, ವಿಐಜೆಬಿ ಕಂಡ್ರೆ ಆ ಮನೆಗೆ ಫೋನ್ ಮಾಡಿ ಹೊಸ ಕೋಡ್ ಕೇಳಿ. ಸಬ್‌ಸ್ಟಿಟ್ಯೂಟ್ ಹಾಕಿ ಎಸ್‌ವೈಎನ್‌ಬಿ ತೆಗೆದು ಸಿಎನ್‌ಆರ್‌ಬಿ ಮಾಡಿದ್ರೆ ಆಯ್ತಲ್ಲ ಅಂತ ಕೆಲವ್ರು ಕೇಳ್ತಾರೆ, ಆಗುದಿಲ್ಲ, ಶಾಖೆಯ ನಂಬರೂ ಬದಲಾಗಿದೆ. ಖಾತೆ ನಂಬರಿನ ಕಾಲಂ ಮಾತ್ರ ಟೈಪ್ ಮಾಡುವ ಮೊದಲೇ ಪ್ಲೇನ್ ಟೆಕ್ಸ್ಟ್ ಮಾಡಿಡಿ, ಇಲ್ಲದಿದ್ರೆ ಮುಂದಿನ ಸೊನ್ನೆಗಳು ಹಾರಿಹೋಗ್ತವೆ, 15 ಅಂಕೆ ದಾಟಿದ ನಂಬರ್ ಆದ್ರೆ ನಂತರದ ಅಂಕೆಗಳು ಸೊನ್ನೆ ಆಗ್ತವೆ, ಆಮೇಲೆ ಫಾರ್ಮ್ಯಾಟ್ ಬದಲಿಸಿದ್ರೂ ಹೋದದ್ದು ವಾಪಸ್ ಬರುದಿಲ್ಲ.

ಈ ಮಾತು ಬಂದಾಗ ಇದನ್ನೂ ಹೇಳ್ಬೇಕು. ಖಾತೆ ನಂಬರ್, ಆಧಾರ್ ನಂಬರ್ ಎಲ್ಲ ಇರುವ ಶೀಟ್‌ನ ಲಿಂಕನ್ನೇ ‘ಲಿಂಕ್ ಇದ್ದವ್ರು ಯಾರೂ ನೋಡಬಹುದು’ ಅಂತ ಇಟ್ಟು ಗ್ರೂಪಿಗೆ ಹಾಕುವುದನ್ನು ನೋಡಿದ್ರೆ ಹೊಟ್ಟೆ ಉರೀತದೆ. ಬಡವರ ದಾಖಲೆ ಅಂದ್ರೆ ಅಷ್ಟು ಸಸಾರವಾ? =""&ರೈಟ್(ಇ2,4) ಹಾಕಿದ್ರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣ್ತದೆ, ಅದನ್ನು ಬರೀ ವ್ಯಾಲ್ಯೂ ಆಗಿ ಬೇರೆ ಫೈಲಿಗೆ ಪೇಸ್ಟ್ ಮಾಡಿ ಆ ಫೈಲನ್ನು ಹಂಚಿ.

ಕನ್ನಡದಲ್ಲೇ ಶೀಟ್ ಮಾಡುವವ್ರಿಗೆ ಸ್ವಲ್ಪ ಬೇರೆ ಎಚ್ಚರ ಬೇಕು. ಹಳೇ ಸದಸ್ಯರ ಪಟ್ಟಿ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಇದ್ರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಹಾಗೇ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗ್ತದೆ. ಯುನಿಕೋಡ್ ಆದ ಮೇಲೂ ಶೀಟ್ ಅಕ್ಷರ ಎಣಿಸುವ ರೀತಿ ನಮ್ಮದಲ್ಲ, ‘ಶ್ರೀ’ ನಮಗೆ ಒಂದು ಅಕ್ಷರ, ಲೆನ್‌ಗೆ ನಾಲ್ಕು. ಶ್ರೀನಿವಾಸ ಅನ್ನುವ ಹೆಸರಿಗೆ ಲೆಫ್ಟ್ ಹಾಕಿ ಒಂದು ಅಕ್ಷರ ತೆಗೆದ್ರೆ ‘ಶ’ ಮಾತ್ರ ಬರ್ತದೆ, ಉಡುಪಿಯಿಂದ ಎರಡು ತೆಗೆದ್ರೆ ‘ಉಡ’. ಹಾಗಾಗಿ ಕನ್ನಡ ಹೆಸರುಗಳನ್ನು ಲೆಫ್ಟ್, ಮಿಡ್‌ನಿಂದ ಕತ್ತರಿಸ್ಲಿಕ್ಕೆ ಹೋಗಬೇಡಿ, ಸ್ಪೇಸ್ ನೋಡಿ ಬಿಡಿಸುವ ಸ್ಪ್ಲಿಟ್ ಆದ್ರೆ ಅಕ್ಷರ ಮುರಿಯುದಿಲ್ಲ.

ಇನ್ನು ಇಫ್‌ಎರರ್, ಅಂದ್ರೆ ಎರರ್ ಬಂದಲ್ಲಿ ಅದರ ಬದಲು ನಾವು ಹೇಳಿದ್ದನ್ನು ತೋರಿಸುವ ಫಾರ್ಮುಲಾ. ಎರರ್ ಕಂಡ್ರೆ ಶೀಟ್ ಚಂದ ಕಾಣುದಿಲ್ಲ ಅಂತ ಎಲ್ಲದಕ್ಕೂ ಇಫ್‌ಎರರ್ ಹಾಕಿ ಖಾಲಿ ಮಾಡುದು ದೊಡ್ಡ ಪಿಡುಗು ಆಗಿಬಿಟ್ಟಿದೆ. ಎರರ್ ಅಂದ್ರೆ ಇಲ್ಲಿ ಒಬ್ರ ವಿಷಯ ಹೊಂದಾಣಿಕೆ ಆಗ್ಲಿಲ್ಲ ಅಂತ ಶೀಟ್ ಕೂಗಿ ಹೇಳುದು, ಅದರ ಬಾಯಿ ಮುಚ್ಚಿಸಿದ್ರೆ ಆ ಮಗುವಿನ ಸಾಲು ಪಟ್ಟಿಯಿಂದ ಸದ್ದಿಲ್ಲದೆ ಮಾಯ. ಇಫ್‌ಎರರ್ ಹಾಕುದೇ ಆದ್ರೆ ಖಾಲಿ ಬದಲು ‘ನೋಡಬೇಕು’ ಅಂತ ಬರುವ ಹಾಗೆ ಹಾಕಿ. ಮತ್ತೆ ಇನ್ನೊಂದು ಪಟ್ಟಿಯಿಂದ ವಿವರ ಹುಡುಕಿ ತರುವ ವಿ-ಲುಕಪ್ ಹಾಕುವವ್ರು ಕೊನೆಗೆ ಫಾಲ್ಸ್ ಅಂತ ಸೇರಿಸ್ಲೇಬೇಕು, ಬಿಟ್ರೆ ಅದು ಹತ್ತಿರದ್ದನ್ನು ಹುಡುಕಿ ಒಬ್ರ ಹೆಸರಿಗೆ ಇನ್ನೊಬ್ರ ಖಾತೆ ನಂಬರ್ ತಂದು ಹಾಕುವ ಸಾಧ್ಯತೆ ಉಂಟು, ಅಲ್ಲಿ ಎರರ್ ಕೂಡ ಬರುದಿಲ್ಲ.

ಸಂಪಾದಕರೇ, ನಮ್ಮ ಎರಡು ಜಿಲ್ಲೆಯಲ್ಲಿ ಎಷ್ಟು ಇಂಜಿನಿಯರಿಂಗ್ ಕಾಲೇಜು, ಎಷ್ಟು ಬಿಸಿಎ, ಬಿಕಾಂ ಮಕ್ಕಳು. ಆದ್ರೆ ಸಂಘದ ಆಫೀಸಲ್ಲಿ ಸಂಜೆ ಕೂತು ಪುಕ್ಕಟೆ ಕೆಲಸ ಮಾಡುವ ಹಿರಿಯರಿಗೆ, ಅಂಗನವಾಡಿಯ ಅಕ್ಕನವ್ರಿಗೆ, ಸೊಸೈಟಿಯ ಗುಮಾಸ್ತರಿಗೆ ಇದನ್ನು ಕನ್ನಡದಲ್ಲಿ ಕೂತು ಹೇಳಿಕೊಡುವವ್ರು ಇಲ್ಲ. ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಸಣ್ಣ ಜಾಗ ಕೊಟ್ಟು ಒಂದೊಂದು ಫಾರ್ಮುಲಾ, ನಮ್ಮೂರಿನದ್ದೇ ಉದಾಹರಣೆ ಇಟ್ಟು ಹಾಕಿದ್ರೆ ತುಂಬ ಜನರಿಗೆ ಉಪಕಾರ ಆಗ್ತದೆ. ಎನ್ನೆಸ್ಸೆಸ್ ಮಕ್ಕಳನ್ನು ಜೂನ್ ಜುಲೈಯಲ್ಲಿ ಎರಡು ದಿನ ಸಂಘಗಳಿಗೆ ಕಳಿಸಿ ಶೀಟ್ ಪರಿಶೀಲನೆ ಮಾಡಿಸುವ ಬಗ್ಗೆ ಕಾಲೇಜಿನವ್ರೂ ಯೋಚಿಸ್ಬೇಕು, ಮರ ನೆಡುವ ಕೆಲಸದಷ್ಟೇ ಬೇಕಾದ ಕೆಲಸ ಇದು.

ಈ ವರ್ಷದ ಪಟ್ಟಿ ಇನ್ನೂ ಅಂತಿಮ ಮಾಡದ ಸಂಘದವ್ರಲ್ಲಿ ಕೈಮುಗಿದು ಕೇಳ್ತೇನೆ, ಫಾರ್ಮ್ ಇನ್ನೂ ತೆರೆದಿದ್ರೆ ಅಂಕದ ಪ್ರಶ್ನೆಗೆ ರೆಸ್ಪಾನ್ಸ್ ವ್ಯಾಲಿಡೇಶನ್‌ನಲ್ಲಿ 1ರಿಂದ 100ರೊಳಗಿನ ಸಂಖ್ಯೆ ಮಾತ್ರ ಅಂತ ಇಡಿ, ತಾಲೂಕಿಗೆ ಡ್ರಾಪ್‌ಡೌನ್ ಕೊಡಿ. ಫಾರ್ಮ್ ಮುಚ್ಚಿ ಆಗಿದ್ರೆ ಅನರ್ಹ ಅಂತ ಬಂದ ಹೆಸರುಗಳನ್ನು ಫಿಲ್ಟರ್ ಮಾಡಿ ಪ್ರಿಂಟ್ ತೆಗೆದು ಮೂಲ ಅರ್ಜಿ ಪಕ್ಕದಲ್ಲಿಟ್ಟು ಇಬ್ರು ಕೂತು ಓದಿ, ಅರ್ಹ ಅಂತ ಬಂದವ್ರಲ್ಲೂ ಅಂಕ ಎಡಕ್ಕೆ ನಿಂತದ್ದನ್ನು ನೋಡಿ. ಪಟ್ಟಿ ಹಾಕುವಾಗ ಯಾವ ಕಾರಣಕ್ಕೆ ಅನರ್ಹ ಅಂತ ಒಂದು ಕಾಲಂ ಸೇರಿಸಿ, ಆಕ್ಷೇಪ ಹೇಳ್ಲಿಕ್ಕೆ ಒಂದು ವಾರ ಟೈಮ್ ಕೊಡಿ, ಕೆಳಗೆ ಒಂದು ಫೋನ್ ನಂಬರ್ ಇರ್ಲಿ.

ಇಂತಿ ನಿಮ್ಮ ಓದುಗ,
ಸಂಘವೊಂದರ ಲೆಕ್ಕಪತ್ರ ನೋಡುವವ, ಉಡುಪಿ